ಹಳೇಬೀಡಿನಲ್ಲಿ ಅರಮನೆ ಎಲ್ಲಿ?

ದಸರಾ ರಜೆಯಲ್ಲಿ ಮಗಳನ್ನು ಮೈಸೂರು ಅರಮನೆ ತೋರಿಸಲು ಕರೆದುಕೊಂಡು ಹೋಗಿದ್ದೆ. ಕಲ್ಯಾಣ ಮಂಟಪದ ಬಣ್ಣದ ಗಾಜಿನ ಚಾವಣಿ ಕೆಳಗೆ ಕತ್ತೆತ್ತಿ ನಿಂತವಳು ಜಾಗ ಬಿಟ್ಟು ಕದಲಲಿಲ್ಲ. ಹಾಸನಕ್ಕೆ ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದಳು. "ಅಪ್ಪಾ, ಹೊಯ್ಸಳ ರಾಜ ವಿಷ್ಣುವರ್ಧನನ ಅರಮನೆ ಎಲ್ಲಿದೆ? ನಾವು ಯಾಕೆ ಅಲ್ಲಿಗೆ ಹೋಗೇ ಇಲ್ಲ?"

ಹಳೇಬೀಡಿಗೆ ಎಷ್ಟು ಸಲ ಹೋಗಿದ್ದೇವೋ ಲೆಕ್ಕವಿಲ್ಲ. ಹೊಯ್ಸಳೇಶ್ವರ, ಕೇದಾರೇಶ್ವರ, ಬಸದಿಹಳ್ಳಿ, ಹುಲಿಕೆರೆಯ ಕೊಳ ಎಲ್ಲ ನೋಡಿಯಾಗಿದೆ. ಅರಮನೆ ಮಾತ್ರ ಇಲ್ಲ. ಊರಿನ ಹೆಸರಲ್ಲೇ ಅದು ಇದೆ, ಅಲ್ವಾ? ಬೀಡು ಅಂದರೆ ರಾಜ ತಂಗುವ ಜಾಗ. ಹೊಯ್ಸಳರ ಶಾಸನಗಳು ರಾಜ ದೋರಸಮುದ್ರದ (ಹಳೇಬೀಡಿನ ಆಗಿನ ಹೆಸರು) 'ನೆಲೆವೀಡಿನಲ್ಲಿ' ಸುಖಸಂಕಥಾವಿನೋದದಿಂದ ರಾಜ್ಯವಾಳುತ್ತಿದ್ದ ಎಂದು ಮತ್ತೆ ಮತ್ತೆ ಹೇಳುತ್ತವೆ. ಆ ಬೀಡು ಹಳೆಯದಾಗಿ, ಊರು ಹಳೇಬೀಡಾಯಿತು.

ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫರ್ ಬಂದು ಹಾಳು ಮಾಡಿದ ಅನ್ನುವುದು ನಾವೆಲ್ಲ ಕೇಳಿ ಬೆಳೆದ ಉತ್ತರ. ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಅವನ ದಂಡು ಬಂದದ್ದು 1311ರಲ್ಲಿ. ಆಗಿನ ಹೊಯ್ಸಳ ರಾಜ ಮೂರನೇ ಬಲ್ಲಾಳ ಸಂಪತ್ತು ಒಪ್ಪಿಸಿ ಸಂಧಿ ಮಾಡಿಕೊಂಡ. ಆಮೇಲೂ ಅವನೇ ರಾಜನಾಗಿದ್ದ. 1327ರ ಸುಮಾರಿಗೆ ತುಘಲಕನ ಸೈನ್ಯ ಬಂದ ಮೇಲೆ ರಾಜನ ನೆಲೆ ತಿರುವಣ್ಣಾಮಲೈ ಕಡೆಗೆ ಸರಿಯಿತು. ಅರಮನೆಯ ಮಟ್ಟಿಗೆ ದಾಳಿಗಿಂತ ಜಾಸ್ತಿ ಪೆಟ್ಟು ಕೊಟ್ಟದ್ದು ಇದೇ ಅಂತ ನನ್ನ ಅನಿಸಿಕೆ. ಇರುವವರು ಎದ್ದು ಹೋದರು.

ಹೀಗೆ ಯೋಚಿಸಿ. ಅದೇ ಊರಿನಲ್ಲಿ, ಅದೇ ದಾಳಿ ಕಂಡು, 1121ರ ಸುಮಾರಿಗೆ ಶುರುವಾದ ಹೊಯ್ಸಳೇಶ್ವರ ಇವತ್ತಿಗೂ ನಿಂತಿದೆ. ಅದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟಂತೆ ಗಟ್ಟಿಯಾಗುತ್ತದೆ. ಆ ಕಾಲದಲ್ಲಿ ಕಲ್ಲು ದೇವರಿಗೆ. ಮನುಷ್ಯರ ವಾಸಕ್ಕೆ, ರಾಜನೇ ಆಗಲಿ, ಹೆಚ್ಚಾಗಿ ಮರ, ಮಣ್ಣು, ಇಟ್ಟಿಗೆ. ಹಂಪಿಗೆ ಹೋದವರು ಇದನ್ನು ಕಣ್ಣಾರೆ ನೋಡಿದ್ದೀರಿ. ದೇವಸ್ಥಾನಗಳು ಎಷ್ಟೋ ನಿಂತಿವೆ, ಅರಮನೆಗಳ ಜಾಗದಲ್ಲಿ ಕಲ್ಲಿನ ಜಗಲಿ ಅಷ್ಟೇ. ಮೇಲಿದ್ದ ಮರವೆಲ್ಲ ಹೋಗಿದೆ.

ನಮ್ಮ ಕಡೆ ಹಳೇ ಮನೆ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡು ಮಳೆಗಾಲ ಹೆಂಚು ಕೈಯಾಡಿಸದೆ ಬಿಟ್ಟರೆ ಸಾಕು. ಒಂದು ಕಡೆ ಸೋರುತ್ತದೆ, ತೊಲೆಗೆ ಗೆದ್ದಲು ಹಿಡಿಯುತ್ತದೆ, ಗೋಡೆ ನೆನೆದು ಕೂರುತ್ತದೆ. ಐದು ವರ್ಷದಲ್ಲಿ ಮನೆ ಹೋಗಿ ಮಣ್ಣಿನ ದಿಬ್ಬ ಉಳಿಯುತ್ತದೆ. ಹಳೇಬೀಡಿನ ಬೀಡಿಗೆ ಸುಮಾರು 700 ಮಳೆಗಾಲ ಕಳೆದಿದೆ. ಕಲ್ಲಿಗೂ ಆರೈಕೆ ಬೇಕು. ಕೇದಾರೇಶ್ವರದ ಗೋಪುರದ ಮೇಲೆ 19ನೇ ಶತಮಾನದಲ್ಲಿ ಮರವೊಂದು ಬೇರೂರಿ, ಗೋಪುರವನ್ನೇ ಸೀಳಿ ಹಾಕಿತು.

ಮೈಸೂರು ಕಥೆಯೂ ಇದಕ್ಕೆ ಹೊರತಲ್ಲ. ಮಗಳು ಬೆರಗಾಗಿ ನೋಡಿದ ಅರಮನೆ ಒಡೆಯರ ಹಳೆಯ ಅರಮನೆಯಲ್ಲ. ಆ ಹಳೆಯದು ಮರದ್ದು. 1897ರಲ್ಲಿ, ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆ ಸಮಯದಲ್ಲಿ ಸುಟ್ಟುಹೋಯಿತು. ಆಗ ಆಡಳಿತ ನೋಡುತ್ತಿದ್ದವರು ರಾಜಮಾತೆ ಕೆಂಪನಂಜಮ್ಮಣ್ಣಿ. ಹೊಸದನ್ನು ಹೆನ್ರಿ ಇರ್ವಿನ್ ಕೈಯಲ್ಲಿ ಕಟ್ಟಿಸಿದರು, 1912ಕ್ಕೆ ಮುಗಿಯಿತು. ಈ ಸಲ ಗ್ರಾನೈಟ್ ಬಂತು. ಕಲ್ಯಾಣ ಮಂಟಪಕ್ಕೆ ಗ್ಲಾಸ್ಗೋದಿಂದ ಎರಕದ ಕಬ್ಬಿಣದ ಕಂಬಗಳು ಬಂದವು. ಒಮ್ಮೆ ಬೆಂಕಿ ಕಂಡವರು ಕಟ್ಟಿದ ಮನೆ ಅದು. ಅಲ್ಲಿ ರಾಜಮನೆತನ ಇತ್ತು, ಖಜಾನೆ ಇತ್ತು, ಮತ್ತೆ ಕಟ್ಟಿದರು. ದೋರಸಮುದ್ರದಲ್ಲಿ ಯಾರು ಉಳಿದಿದ್ದರು?

ಹಾಗಂತ ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. ಮರದ ಕಂಬ ಕೊಳೆತರೂ ಅದನ್ನು ನೆಟ್ಟ ಗುಳಿ ನೆಲದಲ್ಲಿ ಬೇರೆ ಬಣ್ಣದ ಮಣ್ಣಾಗಿ ಉಳಿಯುತ್ತದೆ. ಮಡಕೆ ಚೂರು ಯಾವ ಪದರದಲ್ಲಿ ಸಿಕ್ಕಿತು ಅನ್ನುವುದರಿಂದ ಕಾಲ ತಿಳಿಯುತ್ತದೆ. ಅದಕ್ಕೆ ನೆಲ ಕದಡದೆ ಇರಬೇಕು. ನನಗೆ ಭಯ ಇರುವುದು ಇಲ್ಲೇ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ತುಂಬಾ ಖುಷಿಪಟ್ಟೆ. ಈಗ ಬರುವವರು ಜಾಸ್ತಿ. ಅವರಿಗೆ ಲಾಡ್ಜ್, ಪಾರ್ಕಿಂಗ್ ಬೇಕು. ಪಾಯ ತೋಡುವ ಮೊದಲು ಆ ಮಣ್ಣನ್ನು ಬಲ್ಲವರೊಬ್ಬರು ನೋಡಬೇಕು. ಜೆಸಿಬಿ ಒಮ್ಮೆ ಅಗೆದರೆ ಮುಗಿಯಿತು, ಆ ಪದರ ಮತ್ತೆ ಕೂರುವುದಿಲ್ಲ.

ಹೋದ ಭಾನುವಾರ ಮಗಳ ಜೊತೆ ಮತ್ತೆ ಹಳೇಬೀಡಿಗೆ ಹೋದೆ. ದೇವಸ್ಥಾನಕ್ಕೆ ನಮಸ್ಕಾರ ಹಾಕಿ, ಬೆಣ್ಣೆಗುಡ್ಡದ ಕಡೆ ನಡೆದೆವು. ಅರಮನೆ ಇದ್ದದ್ದು ಅಲ್ಲಿ ಅಂತ ಊರವರು ಹೇಳುತ್ತಾರೆ. ಹಳೇ ಕೋಟೆಯ ಗೋಡೆ ಉಳಿದಿರುವ ಕಡೆಗಳನ್ನೂ ತೋರಿಸಿದೆ. ದಾರಿಯಲ್ಲಿ ಅವಳಿಗೊಂದು ಬೋಕಿ, ಅಂದರೆ ಮಡಕೆ ಚೂರು ಸಿಕ್ಕಿತು, ಅಂಚಿನಲ್ಲಿ ಸಣ್ಣ ಗೆರೆ. ಮನೆಗೆ ಒಯ್ಯಲಾ ಅಂದಳು. ಪದರದ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಅಂಗೈಯಲ್ಲಿ ಇಟ್ಟುಕೊಂಡು ನೋಡಿ, ಎತ್ತಿಕೊಂಡ ಜಾಗದಲ್ಲೇ ವಾಪಸ್ ಇಟ್ಟಳು.