ಮೆಣಸಿನಗಿಡ ಮುಟುರಿದರೆ ವೈರಸ್ಸಿನ ಜೀನೋಮ್ ಓದಿಸಬೇಕಾ?

ಪ್ರಶ್ನೆ: ನಮ್ಮ ಮೆಣಸಿನಕಾಯಿ ಹೊಲಕ್ಕೆ ಮುಟುರು ರೋಗ ಬಂದಿದೆ. ಲ್ಯಾಬಿನಲ್ಲಿ ವೈರಸ್ಸಿನ ಜೀನೋಮ್, ಅಂದರೆ ಅದರ ಡಿಎನ್‌ಎಯ ಪೂರ್ತಿ ಬರಹ, ಓದುತ್ತಾರಂತೆ. ಓದಿಸಿದರೆ ಯಾವ ಎಣ್ಣೆ ಹೊಡೆಯಬೇಕು ಅಂತ ಗೊತ್ತಾಗುತ್ತಾ?

ಇಲ್ಲ. ಗಿಡದೊಳಗೆ ಸೇರಿದ ವೈರಸ್ಸನ್ನು ಕೊಲ್ಲುವ ಎಣ್ಣೆ ಯಾವ ಅಂಗಡಿಯಲ್ಲೂ ಇಲ್ಲ, ಅಂಗಡಿಯವರು ಏನೇ ಹೇಳಲಿ.

ಮೊದಲು ಒಂದು ಎಲೆ ಕಿತ್ತು ನೋಡಿ. ಸಿರುಗುಪ್ಪದಲ್ಲಾಗಲಿ ಸಿಂಧನೂರಿನಲ್ಲಾಗಲಿ, ಎಲೆ ಮುದುಡಿದ್ದೆಲ್ಲ ವೈರಸ್ ಅಲ್ಲ. ಅಂಚು ದೋಣಿಯ ಹಾಗೆ ಮೇಲಕ್ಕೆ ಮಡಚಿದ್ದರೆ ಥ್ರಿಪ್ಸ್ ನುಸಿ ಇರಬಹುದು. ಕೆಳಕ್ಕೆ ಮಡಚಿ ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿ. ಎಲೆ ಸಣ್ಣದಾಗಿ ಸುರುಳಿ ಸುತ್ತಿ, ನರ ದಪ್ಪವಾಗಿ, ಗೆಣ್ಣುಗಳು ಹತ್ತಿರ ಹತ್ತಿರ ಬಂದು ಗಿಡ ಕುಳ್ಳಾಗಿದ್ದರೆ ಆಗ ವೈರಸ್ ಅನುಮಾನ. ಮೂರೂ ಒಂದೇ ಗಿಡದಲ್ಲಿ ಇರೋದೂ ಉಂಟು. ಅನುಮಾನ ತೀರಿಸಿಕೊಳ್ಳೋಕೆ, ಎಲೆಯಲ್ಲಿ ವೈರಸ್ಸಿನ ಡಿಎನ್‌ಎ ಇದೆಯಾ ಅಂತ ಹುಡುಕುವ ಪಿಸಿಆರ್ ಪರೀಕ್ಷೆ ಸಾಕು.

ಮತ್ತೆ ಜೀನೋಮ್ ಓದೋದು ಯಾಕೆ? ಮಜಾ ಇರೋದೇ ಇಲ್ಲಿ. ಮೆಣಸಿನಗಿಡದ ಜೀನೋಮಿನಲ್ಲಿ 300 ಕೋಟಿಗೂ ಜಾಸ್ತಿ ಅಕ್ಷರಗಳಿವೆ. ಅದನ್ನು ಮಲಗಿಸುವ ಮುಟುರು ರೋಗದ ವೈರಸ್ಸಿನಲ್ಲಿ (ಇದರ ಗುಂಪಿಗೆ ಬೆಗೊಮೊವೈರಸ್ ಅಂತಾರೆ) ಇರೋದು ಸುಮಾರು 2,700 ಅಷ್ಟೇ. ಅದರ ಡಿಎನ್‌ಎ ದುಂಡಗಿದೆ, ತುದಿ ಅನ್ನೋದೇ ಇಲ್ಲ. ಲ್ಯಾಬಿನವರಿಗೆ ಇದೇ ಅನುಕೂಲ: ಫೈ29 ಎಂಬ ಕಿಣ್ವ ಹಾಕಿದರೆ ಅದು ಸುತ್ತುತ್ತಾ ಸುತ್ತುತ್ತಾ ನಕಲು ತೆಗೆಯುತ್ತಲೇ ಇರುತ್ತದೆ. ಚೂರು ಎಲೆಯಿಂದಲೇ ಓದುವಷ್ಟು ಡಿಎನ್‌ಎ ಸಿಗುತ್ತದೆ. ಎಷ್ಟೋ ಸಲ ಜೊತೆಗೆ ಬೀಟಾಸ್ಯಾಟಲೈಟ್ ಎಂಬ, ಸುಮಾರು 1,350 ಅಕ್ಷರಗಳ ಇನ್ನೊಂದು ತುಣುಕೂ ಇರುತ್ತದೆ. ತಾನೊಂದೇ ಇದ್ದರೆ ಅದು ಬೆಳೆಯಲಾರದು. ವೈರಸ್ಸಿನ ಬೆನ್ನು ಹತ್ತಿ ಬಂದರೆ ಮಾತ್ರ ಗಿಡದ ತಡೆಯುವ ಶಕ್ತಿಯನ್ನೇ ಅಡಗಿಸಿ ರೋಗ ಜೋರು ಮಾಡುತ್ತದೆ.

ಓದಿದ್ದನ್ನು ಹಳೆಯ ದಾಖಲೆಗಳ ಜೊತೆ ಹೋಲಿಸುತ್ತಾರೆ. ಹೋಲಿಕೆ ಶೇ 91ಕ್ಕಿಂತ ಕಡಿಮೆ ಬಂದರೆ ಹೊಸ ಪ್ರಭೇದ ಅಂತ ಲೆಕ್ಕ. ಟೊಮೆಟೊ ವೈರಸ್ಸುಗಳೂ ಮೆಣಸಿನಗಿಡಕ್ಕೆ ಹತ್ತುತ್ತವೆ. ಒಂದೇ ಗಿಡದಲ್ಲಿ ಎರಡು ಸೇರಿದರೆ ತುಂಡು ಅದಲು ಬದಲು ಮಾಡಿಕೊಳ್ಳುತ್ತವೆ. ಒಂದೂರಲ್ಲಿ ತಾಳಿದ ತಳಿ ಇನ್ನೊಂದೂರಲ್ಲಿ ಸೋಲೋಕೆ ಇದೂ ಒಂದು ಕಾರಣ. ಹಾಗಾಗಿ ಈ ಮಾಹಿತಿ ಬೇಕಿರೋದು ತಳಿ ಮಾಡುವವರಿಗೆ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಂಥ ಕಡೆ ಸಂಶೋಧನೆ ಮಾಡುವವರಿಗೆ. ಯಾರಾದರೂ ಎಲೆ ಕೇಳಿದರೆ ಕೊಡಿ, ಸುಮ್ನೆ ನಿಮ್ಮ ದುಡ್ಡು ಹಾಕಬೇಡಿ.

ಆ ದುಡ್ಡು ಸಸಿ ಮಡಿಗೆ ಹೋಗಲಿ. ವೈರಸ್ ಹೊತ್ತು ತರೋದು ಬಿಳಿ ನೊಣ. ಎಳೇ ಅಗಿಗೇ ತಗುಲಿದರೆ ಬೆಳೆ ಕೈಗೆ ಹತ್ತೋದು ಕಷ್ಟ. ಮಡಿಗೆ ಸಣ್ಣ ಕಣ್ಣಿನ ನೈಲಾನ್ ಪರದೆ ಕಟ್ಟಿ. ಪಕ್ಕದಲ್ಲಿ ಹಳೆ ಟೊಮೆಟೊ ಸಾಲು ನಿಂತಿದ್ದರೆ ನಾಟಿಗೆ ಮೊದಲೇ ತೆಗೆಸಿ. ನಾಟಿಯಾದ ಮೇಲೆ ಮೊದಮೊದಲು ಮುದುಡಿದ ಗಿಡಗಳನ್ನು ಕಿತ್ತು ಹೂಳಿ, ಬದುವಿನ ಮೇಲೆ ಎಸೆಯಬೇಡಿ.