ಸ್ಟೀಲಿಗಿಂತ ಗಟ್ಟಿ, ಆದರೂ ಗುಂಡಿ ಬೀಳುವುದು ಯಾಕೆ?

ಪ್ರಶ್ನೆ: ಬೈಕಂಪಾಡಿಯಲ್ಲಿ ನಮ್ಮದೊಂದು ಸಣ್ಣ ಲೇತ್ ಶಾಪ್. ಲೇತಿನಲ್ಲಿ ಲೋಹ ಕೆತ್ತುವ ಕಾರ್ಬೈಡ್ ಟಿಪ್ ಸ್ಟೀಲಿಗಿಂತ ಎಷ್ಟೋ ಗಟ್ಟಿ ಅಂತಾರೆ. ಹಾಗಾದರೆ ಸ್ಟೀಲ್ ತಾಗಿ ತಾಗಿ ಟಿಪ್ಪಿಗೇ ಗುಂಡಿ ಬೀಳುವುದು ಹೇಗೆ?

ಉತ್ತರ: ಲೇತ್ ಆಮೇಲೆ, ಮೊದಲು ಅಡುಗೆಮನೆಗೆ ಬನ್ನಿ. ಒಂದು ಬಿಳಿ ಪಿಂಗಾಣಿ ಕಪ್ಪನ್ನು ಕವುಚಿ ಹಾಕಿ. ಅಡಿಯಲ್ಲಿ ಹೊಳಪಿಲ್ಲದ, ಸ್ವಲ್ಪ ದೊರಗಾದ ಅಂಚು ಇರುತ್ತದೆ. ಅದರ ಮೇಲೆ ಸ್ಟೀಲ್ ಚೂರಿಯನ್ನು ನಾಲ್ಕು ಸಲ ಎಳೆಯಿರಿ. ಬೂದು ಗೆರೆ ಬಿತ್ತಲ್ವಾ? ಅದು ಕಪ್ಪಿಗೆ ಆದ ಗಾಯ ಅಲ್ಲ. ಚೂರಿಯಿಂದ ಕಿತ್ತು ಬಂದು ಅಂಟಿಕೊಂಡ ಸ್ಟೀಲ್. ನಮ್ಮಮ್ಮ ಬಂಗುಡೆ ಕೊಯ್ಯುವ ಮೊದಲು ಚೂರಿ ಮಸೆಯುತ್ತಿದ್ದುದೇ ಹೀಗೆ. ಮನೆಯ ಕಪ್ಪುಗಳಿಗೆಲ್ಲ ಅಡಿಯಲ್ಲಿ ಮಸಿ!

ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಆ ಗೆರೆಯಲ್ಲೇ ಇದೆ. ಗಟ್ಟಿ ಇರುವುದು ಬೇರೆ, ಜಾರುವುದು ಬೇರೆ. ಗಟ್ಟಿತನ ಅಳೆಯುವ ವಿಕರ್ಸ್ ಲೆಕ್ಕದಲ್ಲಿ ಹದ ಕೊಟ್ಟ ಸ್ಟೀಲಿನ ಗಟ್ಟಿತನ 700–800. ಲೇತಿನ ಟಂಗ್‌ಸ್ಟನ್ ಕಾರ್ಬೈಡ್ ಸುಮಾರು 1500, ಸಿಲಿಕಾನ್ ಕಾರ್ಬೈಡ್ 2500ರ ಆಸುಪಾಸು. ಇಷ್ಟು ಗಟ್ಟಿ ಇದ್ದರೂ ಎಣ್ಣೆ, ನೀರು ಏನೂ ಇಲ್ಲದೆ ಸ್ಟೀಲ್ ಮೇಲೆ ಉಜ್ಜಿದರೆ ಸೆರಾಮಿಕ್ (ಪಿಂಗಾಣಿ, ಕಾರ್ಬೈಡ್‌ಗಳಂಥ ಗಟ್ಟಿ ವಸ್ತು) ಸಲೀಸಾಗಿ ಜಾರುವುದಿಲ್ಲ. ಘರ್ಷಣೆಯ ಅಂಕ ಸಾಮಾನ್ಯವಾಗಿ 0.4ರಿಂದ 0.8. ಅಂದರೆ 10 ಕೆಜಿ ಭಾರ ಎಳೆಯಲು 4ರಿಂದ 8 ಕೆಜಿಯಷ್ಟು ಬಲ ಬೇಕು. ಸ್ಟೀಲ್ ಮೇಲೆ ಸ್ಟೀಲ್ ಉಜ್ಜಿದರೂ ಹೆಚ್ಚುಕಮ್ಮಿ ಇಷ್ಟೇ. ಆಶ್ಚರ್ಯ ಏನಿಲ್ಲ. ಸ್ವಲ್ಪ ಹೊತ್ತಿಗೆ ಸೆರಾಮಿಕ್ ಮೈಗೆ ಸ್ಟೀಲ್ ಮೆತ್ತಿಕೊಂಡಿರುತ್ತದೆ. ಆಮೇಲೆ ಅಲ್ಲಿ ಉಜ್ಜುವುದು ಸ್ಟೀಲಿಗೆ ಸ್ಟೀಲೇ. ಆ ಮೆತ್ತಿದ ಪದರ ಕಿತ್ತು ಬರುವಾಗ ಒಮ್ಮೊಮ್ಮೆ ಅಡಿಯ ಸೆರಾಮಿಕ್ಕಿನ ಚೂರನ್ನೂ ಜೊತೆಗೆ ಕರೆದುಕೊಂಡು ಬರುತ್ತದೆ.

ಇನ್ನು ಗುಂಡಿ. ಅದನ್ನು ಸ್ಟೀಲ್ ಕೆರೆದು ಮಾಡಿದ್ದಲ್ಲ ಮಾರಾಯ್ರೇ, ಕರಗಿಸಿ ಮಾಡಿದ್ದು. ಜಾಬ್‌ನಿಂದ (ಕೆತ್ತುವ ಸ್ಟೀಲ್ ತುಂಡು) ಸುರುಳಿಯಾಗಿ ಏಳುವ ಚಿಪ್, ಅಂದರೆ ಸ್ಟೀಲಿನ ಸಿಪ್ಪೆ, ಟಿಪ್ಪಿನ ಮೇಲ್ಮೈಯನ್ನು ಒತ್ತಿಕೊಂಡೇ ಜಾರುತ್ತದೆ. ಸ್ಪೀಡ್ ಜಾಸ್ತಿ ಇದ್ದರೆ ಆ ಜಾಗದ ಬಿಸಿ ಸುಲಭವಾಗಿ 700 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಬಿಸಿಯಲ್ಲಿ ಕಬ್ಬಿಣಕ್ಕೆ ಇಂಗಾಲ ಎಂದರೆ ಪ್ರಾಣ. ಬಿಸಿ ಚಹಾಕ್ಕೆ ಬಿದ್ದ ಬೆಲ್ಲದ ಹಾಗೆ ಕಾರ್ಬೈಡಿನ ಟಂಗ್‌ಸ್ಟನ್ನೂ ಇಂಗಾಲವೂ ಚೂರುಚೂರೇ ಚಿಪ್ಪಿಗೆ ಇಳಿದು ಹೋಗುತ್ತವೆ. ಅಲ್ಲಿ ಗಟ್ಟಿತನದ ಆಟ ನಡೆಯುವುದಿಲ್ಲ.

ಇದರಲ್ಲೊಂದು ತಮಾಷೆ ಇದೆ. ನಮ್ಮ ಮೇಸ್ತ್ರಿಗಳು ಈಗಲೂ ಈ ಟಿಪ್ಪಿಗೆ ‘ವಿಡಿಯಾ’ ಅನ್ನುತ್ತಾರೆ. ಅದು 1920ರ ದಶಕದಲ್ಲಿ ಜರ್ಮನಿಯ ಕ್ರುಪ್ ಕಂಪನಿ ಇಟ್ಟ ಹೆಸರು. ಜರ್ಮನ್ ಭಾಷೆಯಲ್ಲಿ ‘ವಜ್ರದ ಹಾಗೆ’ ಎಂಬ ಮಾತಿನಿಂದ ಬಂದದ್ದು. ಆದರೆ ಲೇತಿನಲ್ಲಿ ಸ್ಟೀಲ್ ಕೆತ್ತಲು ಆ ವಜ್ರವೇ ಆಗಿಬರುವುದಿಲ್ಲ. ವಜ್ರ ಅಂದರೆ ಬರೀ ಇಂಗಾಲ, ಬಿಸಿ ಕಬ್ಬಿಣ ಅದನ್ನೂ ಬಿಡುವುದಿಲ್ಲ.

ಹಾಗಾಗಿಯೇ ಸ್ಟೀಲಿನ ಟಿಪ್ಪಿಗೆ ಟೈಟಾನಿಯಂ ಕಾರ್ಬೈಡ್ ಬೆರೆಸುತ್ತಾರೆ, ಮೇಲೆ ತೆಳ್ಳಗೆ ಲೇಪನ ಕೊಡುತ್ತಾರೆ. ಇವು ಕಬ್ಬಿಣಕ್ಕೆ ಅಷ್ಟು ಸುಲಭಕ್ಕೆ ಕರಗುವುದಿಲ್ಲ. ಪೆಟ್ಟಿಗೆಯ ಬಣ್ಣ ನೋಡಿ: ‘ಪಿ’ ಅಕ್ಷರದ ನೀಲಿ ಸ್ಟೀಲಿಗೆ, ‘ಕೆ’ ಅಕ್ಷರದ ಕೆಂಪು ಬೀಡು ಕಬ್ಬಿಣಕ್ಕೆ (ಕಾಸ್ಟ್ ಐರನ್). ಬೀಡು ಕಬ್ಬಿಣದ ಟಿಪ್ಪು ಕೈಗೆ ಸಿಕ್ಕಿತು ಅಂತ ಸುಮ್ನೆ ಸ್ಟೀಲಿಗೆ ಹಾಕಿದರೆ ಗುಂಡಿ ಗ್ಯಾರಂಟಿ.

ಬಿಸಿ ಇನ್ನೊಂದು ರೀತಿಯಲ್ಲೂ ಕೈಕೊಡುತ್ತದೆ. ಉಡುಪಿಯ ನಮ್ಮ ಮನೆ ಬಾವಿಯ ಪಂಪಿನಲ್ಲಿ ನೀರು ಸೋರದಂತೆ ತಡೆಯುವ ಸೀಲಿನಲ್ಲಿ ಬಿಳಿ ಅಲ್ಯೂಮಿನಾ ಬಳೆಯ ಮೇಲೆ ಕಪ್ಪು ಕಾರ್ಬನ್ ಬಳೆ ತಿರುಗುತ್ತದೆ, ನಡುವೆ ನೀರಿನ ತೆಳು ಪದರ. ಒಂದು ಮೇ ತಿಂಗಳಲ್ಲಿ ನೀರು ಕೆಳಗೆ ಹೋಗಿ ಪಂಪ್ ಒಣಗಿ ಓಡಿತು. ನಾನು ಗಡಿಬಿಡಿಯಲ್ಲಿ ತಣ್ಣೀರು ಸುರಿದೆ. ಬಿಚ್ಚಿ ನೋಡಿದರೆ ಬಿಳಿ ಬಳೆ ಎರಡು ಹೋಳು! ಕಾದ ಟಿಪ್ಪಿನ ಮೇಲೆ ತಂಪು ಮಾಡುವ ಕೂಲೆಂಟನ್ನು ಬಿಟ್ಟು ಬಿಟ್ಟು ಸುರಿದರೂ ಹೀಗೇ ಬಿರುಕು ಬಿಡುತ್ತದೆ. ಹಾಕುವುದಾದರೆ ಧಾರಾಳವಾಗಿ ಹಾಕಿ, ಇಲ್ಲದಿದ್ದರೆ ಬೇಡ.

ನಾಳೆ ಹಳೆ ಟಿಪ್ಪನ್ನು ಭೂತಗನ್ನಡಿಯಲ್ಲಿ ನೋಡಿ. ಗುಂಡಿ ಮೇಲ್ಮೈಯಲ್ಲಿದ್ದರೆ ಸ್ಪೀಡ್ ಇಳಿಸಿ, ಗ್ರೇಡ್ (ಪಿಯೋ ಕೆಯೋ) ಸರಿ ಇದೆಯೇ ನೋಡಿ. ಮುಂಬದಿ ಮಾತ್ರ ನುಣ್ಣಗೆ ಸವೆದಿದ್ದರೆ ಅದು ಮಾಮೂಲಿ ಸವೆತ, ಟಿಪ್ ತಿರುಗಿಸಿ ಹಾಕಿದರಾಯಿತು. ಅಂಚು ಚೂರುಚೂರು ಉದುರಿದ್ದರೆ ಜಾಬ್ ಅಲುಗುತ್ತಿರಬಹುದು. ಅದನ್ನು ಹಿಡಿಯುವ ಚಕ್ ಬಿಗಿ ಮಾಡಿ.