ಕಟ್ಟಿದ ಭಾಷೆಯನ್ನು ತಿದ್ದುವಾಗ

ಶಿರಸಿಯಲ್ಲಿ ಹೈಸ್ಕೂಲಿಗೆ ಹೋಗುತ್ತಿದ್ದಾಗ ನನ್ನದೇ ಒಂದು ಭಾಷೆಯನ್ನು ಕಟ್ಟತೊಡಗಿದ ನಾನು ಇಂದಿಗೂ ಅದರಲ್ಲಿ ದಿನಚರಿ ಬರೆಯುತ್ತೇನೆ. ಅದರ ಮೊದಲ ವ್ಯಾಕರಣದಲ್ಲಿ ‘ಮಿ’ ಬಹುವಚನ ಪ್ರತ್ಯಯವಾಗಿತ್ತು: ‘ತೋರ’ ಎಂದರೆ ದೋಣಿ, ‘ತೋರಮಿ’ ಎಂದರೆ ದೋಣಿಗಳು. ಆರು ವರ್ಷಗಳ ಬಳಿಕ ಬಹುವಚನಕ್ಕೆ ‘ಲು’ ತಂದು, ತೆರವಾದ ‘ಮಿ’ಯನ್ನು ಭೂತಕಾಲಕ್ಕೆ ಕೊಟ್ಟೆ. ‘ತೋರ’ ಎಂಬುದೇ ‘ಹುಟ್ಟು ಹಾಕು’ (ದೋಣಿ ನಡೆಸು) ಎಂಬ ಧಾತುವೂ ಆಗಿದ್ದರಿಂದ, ಕಾರವಾರದಲ್ಲಿ ಕಾಳಿ ನದಿಯ ಅಳಿವೆಯಲ್ಲಿ ನಿಂತಿದ್ದ ದೋಣಿಗಳನ್ನು ಕುರಿತು ಬರೆದ ಹಳೆಯ ಪುಟವು ಈಗ ಯಾರೋ ಹುಟ್ಟು ಹಾಕಿ ಹೋದ ಕತೆಯಂತೆ ಓದಿಸಿಕೊಳ್ಳುತ್ತದೆ.

ಈ ತೊಡಕಿಗೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. ಜರ್ಮನಿಯ ಪಾದ್ರಿ ಶ್ಲೇಯರ್ 1880ರಲ್ಲಿ ಪ್ರಕಟಿಸಿದ ವೊಲಾಪ್ಯೂಕ್ ಎಂಬ ಕಟ್ಟಿದ ಭಾಷೆ ಯುರೋಪಿನಲ್ಲೆಲ್ಲ ಹರಡಿತು; ಆದರೆ ಕಲಿತವರು ವ್ಯಾಕರಣವನ್ನು ಸರಳಗೊಳಿಸಬೇಕೆಂದಾಗ, ಕೊನೆಯ ಮಾತು ತನ್ನದೇ ಎಂಬ ಹಟವನ್ನು ಶ್ಲೇಯರ್ ಬಿಡಲಿಲ್ಲ. 1889ರ ಪ್ಯಾರಿಸ್ ಸಮ್ಮೇಳನದ ನಂತರ ಚಳವಳಿ ಒಡೆದುಹೋಯಿತು. 1887ರಲ್ಲಿ ಎಸ್ಪೆರಾಂಟೊ ಎಂಬ ಇನ್ನೊಂದು ಕಟ್ಟಿದ ಭಾಷೆಯನ್ನು ಹೊರತಂದ ಝಾಮೆನ್‌ಹಾಫ್ ಇದಕ್ಕೆ ವ್ಯತಿರಿಕ್ತವಾಗಿ ನಡೆದುಕೊಂಡರು. ನೆತ್ತಿಯ ಮೇಲೆ ಗುರುತು ಹೊತ್ತ ಆರು ಅಕ್ಷರಗಳಿಗೆ ಮುದ್ರಣಾಲಯಗಳಲ್ಲಿ ಅಚ್ಚುಮೊಳೆ ಸಿಗುವುದು ಕಷ್ಟವಾಗಿತ್ತು. ಆ ಗುರುತುಗಳನ್ನೂ ದ್ವಿತೀಯಾ ವಿಭಕ್ತಿಯನ್ನೂ ಕೈಬಿಡುವ ತಿದ್ದುಪಡಿಯನ್ನು 1894ರಲ್ಲಿ ಅವರೇ ಮುಂದಿಟ್ಟರು. ಬಳಸುವವರು ಮತ ಹಾಕಿ ಅದನ್ನು ತಿರಸ್ಕರಿಸಿದರು, ಅವರು ಒಪ್ಪಿಕೊಂಡರು. 1905ರಲ್ಲಿ ಹದಿನಾರು ನಿಯಮಗಳ ಬುನಾದಿಯನ್ನು ಯಾರೂ ಮುಟ್ಟಬಾರದೆಂದು ತೀರ್ಮಾನವಾಯಿತು. ಈ ವಿನಯವೇ ಎಸ್ಪೆರಾಂಟೊವನ್ನು ಉಳಿಸಿತೆಂದು ನಾನು ನಂಬುತ್ತೇನೆ.

1907ರಲ್ಲಿ ಪ್ಯಾರಿಸ್ಸಿನ ಸಮಿತಿಯೊಂದರ ಮುಂದೆ ಬಂದ ಎಸ್ಪೆರಾಂಟೊದ ಸುಧಾರಿತ ರೂಪವೇ ಇಡೊ. ಎಸ್ಪೆರಾಂಟೊದಲ್ಲಿ ‘ಕಾಂಟಿ’ ಎಂದರೆ ಹಾಡುವುದು. ಇಡೊದಲ್ಲಿ ಕೊನೆಯ ‘ಇ’ ಬಹುವಚನವಾದ್ದರಿಂದ ಅದೇ ಪದಕ್ಕೆ ಹಾಡುಗಳು ಎಂಬ ಅರ್ಥ ಬಂತು. ನನ್ನ ‘ಮಿ’ಯ ತಪ್ಪು ಇದೇ ಜಾತಿಯದು.

ಕನ್ನಡವೂ ಬದಲಾಗಿದೆ: ‘ಪಾಲ್’ ಹಾಲಾಯಿತು, ‘ಬಾೞೆ’ ಬಾಳೆಯಾಯಿತು. ಆದರೆ ಯಾರೂ ಅಪ್ಪಣೆ ಕೊಡಲಿಲ್ಲ. ಹಳೆಯ ರೂಪ, ಹೊಸ ರೂಪಗಳು ತಲೆಮಾರುಗಟ್ಟಲೆ ಜೊತೆಗೇ ಬಾಳಿದವು. ೞಕಾರ ಮರೆಯಾಗುತ್ತಿದ್ದ 13ನೇ ಶತಮಾನದಲ್ಲಿ ಕೇಶಿರಾಜನು ಆ ಅಕ್ಷರವಿರುವ ಪದಗಳನ್ನು ವ್ಯಾಕರಣದಲ್ಲಿ ಪಟ್ಟಿಮಾಡಿಟ್ಟನು. ಒಬ್ಬನೇ ಕಟ್ಟಿದ ಭಾಷೆಯಲ್ಲಾದರೋ ಬದಲಾವಣೆ ಒಂದೇ ರಾತ್ರಿಯಲ್ಲಿ ಆಗಿಬಿಡುತ್ತದೆ, ಪಟ್ಟಿ ಮಾಡುವ ಕೇಶಿರಾಜನೂ ಅವನೇ ಆಗಬೇಕಾಗುತ್ತದೆ.

ಈಗ ನಾನು ಕಾಗುಣಿತವನ್ನು ತಿದ್ದುತ್ತಿದ್ದೇನೆ. ಕಾರವಾರದ ಕೊಂಕಣಿಯಿಂದ ನನ್ನ ಭಾಷೆಗೆ ಎರಡು ಚಕಾರಗಳು ಬಂದಿವೆ: ‘ಚಾರ್’ ಅಂದರೆ ನಾಲ್ಕು ಎನ್ನುವಾಗಿನದು ಒಂದು, ‘ಚಡ್’ ಅಂದರೆ ಹೆಚ್ಚು ಎನ್ನುವಾಗ ನಾಲಿಗೆ ಹಲ್ಲಿನ ಹಿಂಬದಿಗೆ ತಾಗಿ ‘ತ್ಸ’ದಂತೆ ಕೇಳುವುದು ಇನ್ನೊಂದು. ಎರಡನ್ನೂ ಒಂದೇ ಅಕ್ಷರದಲ್ಲಿ ಬರೆಯುತ್ತಿದ್ದವನು ಎರಡನೆಯದಕ್ಕೆ, ನಾವು ‘ಜ಼’ಕ್ಕೆ ಇಡುವಂತೆ, ಅಡಿಯಲ್ಲಿ ಎರಡು ಚುಕ್ಕೆ ಇಟ್ಟಿದ್ದೇನೆ. ಚುಕ್ಕೆಯಿಲ್ಲದ ಹಳೆಯ ಬರಹವನ್ನು ಹಾಗೆಯೇ ಓದಬಹುದು. ಬದಲಾದ ಪ್ರತಿ ಪದದ ಎದುರು ತಾರೀಖು ಬರೆಯುತ್ತೇನೆ. ‘ಮಿ’ಯನ್ನು ಭೂತಕಾಲದಿಂದಲೂ ತೆಗೆದು, ಪ್ರತ್ಯಯಗಳ ಪಟ್ಟಿಯಲ್ಲಿ ಅದರ ಜಾಗವನ್ನು ಖಾಲಿ ಬಿಟ್ಟಿದ್ದೇನೆ.